ಸಿಟಿ ಹೈಬ್ರಿಡ್‌ಗೆ ಟೈರು, ಒಂದು ಡಿಸ್ಕ್, ಒಂದು ಸ್ಟೆಪ್ನಿ: ಬೆಳಗಾವಿ–ವಿಜಯಪುರ ಓಡಾಟಕ್ಕೆ ಯಾವುದು ಸರಿ?

ತಿಲಕವಾಡಿ ಚಾಲಕಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಗಾಡಿ 2022ರ ಹೋಂಡಾ ಸಿಟಿ ಇ:ಎಚ್‌ಇವಿ, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟರ್ ಇರುವ ಹೈಬ್ರಿಡ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಟೈರ್ ಸೈಜ್ 185/55 ಆರ್16. ಮುಂದಿನ ಎರಡು ಟೈರು ಸವೆದು ಗುರುತಿನ ಮಟ್ಟಕ್ಕೆ ಬಂದಿವೆ. ಹಿಂದಿನವು ಅರ್ಧ ಉಳಿದಿವೆ, ಆದರೆ ಸೈಡಿನಲ್ಲಿ ಕೂದಲೆಳೆ ಬಿರುಕು ಕಾಣುತ್ತಿವೆ.

ಎಡಗಡೆ ಮುಂದಿನ ಅಲಾಯ್ ಡಿಸ್ಕ್ (ಟೈರು ಕೂರುವ ಲೋಹದ ಚಕ್ರ, ಬ್ರೇಕಿನದಲ್ಲ) ಒಳ ಅಂಚಿನಲ್ಲಿ ಬಾಗಿದೆ. ಆ ಗಾಲಿಯಲ್ಲಿ ಹವಾ ನಿಲ್ಲುವುದಿಲ್ಲ. ಇನ್ನು ಸ್ಟೆಪ್ನಿ ಇಲ್ಲವೇ ಇಲ್ಲ. ಮೊದಲಿನ ಮಾಲೀಕರು ಲಗೇಜಿಗೆ ಜಾಗ ಬೇಕು ಅಂತ ತೆಗೆದಿಟ್ಟಿದ್ದರಂತೆ, ಆಮೇಲೆ ಎಲ್ಲಿ ಹೋಯ್ತೋ ಅವರಿಗೂ ಗೊತ್ತಿಲ್ಲ. ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ ಮಾತ್ರ ಇದೆ. ಈ ಗಾಡಿಯ ಡಿಕ್ಕಿ ಮೊದಲೇ ಚಿಕ್ಕದು. ಪೆಟ್ರೋಲ್ ಸಿಟಿಯದು 506 ಲೀಟರ್, ಇದರದು 306. ಬ್ಯಾಟರಿ ಜಾಗ ತಿಂದಿದೆ.

ಓಡಾಟ ಎರಡು ಥರ. ಅಥಣಿ ಮೇಲೆ ವಿಜಯಪುರಕ್ಕೆ, ತವರು ಅಲ್ಲಿದೆ. ಜಾಂಬೋಟಿ, ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ, ಮನೆಯವರ ಕೆಲಸ ಅಲ್ಲಿ. ಮಳೆಗಾಲದಲ್ಲೂ ಹೋಗಲೇಬೇಕು.

ಒಂದು ಅಂಗಡಿಯಲ್ಲಿ "195/55 ಹಾಕಿಸ್ರಿ ಅಕ್ಕಾರ, ಗಾಡಿ ಎತ್ತರ ಆಗ್ತದ" ಅಂದರು. ಇನ್ನೊಂದು ಕಡೆ 17 ಇಂಚಿನ ಹೊಸ ಅಲಾಯ್ ಸೆಟ್ಟೇ ತಗೊಳ್ಳಿ ಅಂದರು. ನನಗೆ ಮೈಲೇಜೂ ಬೇಕು, ಘಾಟಿನಲ್ಲಿ ಹಿಡಿತವೂ ಬೇಕು. ಏನು ಮಾಡಲಿ?

ಗುಮ್ಮಟದೂರು, ವಿಜಯಪುರ

ಅಕ್ಕಾ, ಮೊದಲು ಸ್ಟೆಪ್ನಿ ತಗೊಳ್ಳಿ, ಟೈರು ಆಮೇಲೆ. ಅಥಣಿ ದಾಟಿದ ಮೇಲೆ ಈ ಕಡೆ ರಸ್ತೆಬದಿಗೆ ಬಳ್ಳಾರಿ ಜಾಲಿ ತುಂಬಿದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ನಿಂದ ಬಿದ್ದ ನಟ್ಟು, ಮೊಳೆ ಬೇರೆ. ಮುಳ್ಳು ಚುಚ್ಚಿದರೆ ಕಿಟ್ ಸಾಕು. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಸೀಳಿದರೆ ಕಿಟ್ ಇಟ್ಟುಕೊಂಡು ಏನೂ ಮಾಡೋಕಾಗಲ್ಲ. ರಾತ್ರಿ ಹನ್ನೊಂದಕ್ಕೆ ಆ ರಸ್ತೆಯಲ್ಲಿ ಯಾರನ್ನು ಕರೀತೀರಿ?

ಕ್ಯಾಂಪ್ ರೈಡರ್, ಬೆಳಗಾವಿ

ನನ್ನ ಮತ 17 ಇಂಚಿಗೆ. 205/45 ಆರ್17. ಗಾಡಿಯ ಲುಕ್ಕೇ ಬೇರೆ ಆಗುತ್ತೆ. ತಿರುವಿನಲ್ಲಿ ಸ್ಟೇರಿಂಗ್ ಎಷ್ಟು ಚುರುಕು ಅಂದರೆ ಓಡಿಸಿಯೇ ನೋಡಬೇಕು. ಹೇಗೂ ಒಂದು ಡಿಸ್ಕ್ ಹೋಗಿದೆ ಅಲ್ವಾ, ಸೆಟ್ ಬದಲಿಸಲು ಇದೇ ನೆಪ.

ಲೆಕ್ಕದ ಮಾಸ್ತರ್, ನವನಗರ, ಬಾಗಲಕೋಟೆ

ತಂಗೀ, ಅಂಗಡಿಯವರ ಮಾತು ಬಿಡಿ, ಲೆಕ್ಕ ಹಾಕೋಣ. ಟೈರಿನ ಮೇಲೆ ಬರೆದ ಅಂಕಿಯಲ್ಲೇ ಎಲ್ಲ ಇದೆ.

185 ಅಂದರೆ ಅಗಲ, ಮಿಲಿಮೀಟರಿನಲ್ಲಿ. 55 ಅಂದರೆ ಸೈಡ್‌ವಾಲ್ ಎತ್ತರ, ಅಗಲದ ಶೇಕಡಾ 55. ಅಂದರೆ ಸುಮಾರು 102 ಮಿಮೀ. 16 ಇಂಚು ಡಿಸ್ಕ್ ಅಂದರೆ 406 ಮಿಮೀ. ಮೇಲೊಂದು ಕೆಳಗೊಂದು ಸೈಡ್‌ವಾಲ್ ಸೇರಿಸಿದರೆ ಪೂರ್ತಿ ಗಾಲಿಯ ಎತ್ತರ 610 ಮಿಮೀ. ಇದು ಕಂಪನಿ ಲೆಕ್ಕ.

195/55 ಆರ್16 ಹಾಕಿದರೆ 621 ಮಿಮೀ ಆಗುತ್ತೆ. 11 ಮಿಮೀ ಜಾಸ್ತಿ. ಆದರೆ ಗಾಡಿ ಎತ್ತರ ಆಗೋದು ಅದರ ಅರ್ಧ ಮಾತ್ರ, ಐದೂವರೆ ಮಿಮೀ. ಒಂದು ಪೆನ್ಸಿಲ್ ದಪ್ಪವೂ ಇಲ್ಲ. ಅದರಿಂದ ಯಾವ ಸ್ಪೀಡ್ ಬ್ರೇಕರ್ ದಾಟುತ್ತೆ ಹೇಳಿ?

ಇನ್ನು 205/45 ಆರ್17. ಎತ್ತರ 616 ಮಿಮೀ, ಅದರಲ್ಲಿ ತೊಂದರೆ ಇಲ್ಲ. ಆದರೆ ಸೈಡ್‌ವಾಲ್ 102ರಿಂದ 92ಕ್ಕೆ ಇಳಿಯಿತು. ಡಿಸ್ಕ್ ಮತ್ತು ಗುಂಡಿಯ ನಡುವೆ ಇರುವ ರಬ್ಬರ್ 10 ಮಿಮೀ ಕಮ್ಮಿ. ನಿಮ್ಮ ಡಿಸ್ಕ್ 16 ಇಂಚಿನಲ್ಲೇ ಬಾಗಿದೆ. ಕ್ಯಾಂಪ್ ರೈಡರ್ ಅವರು ನೆಪ ಅಂದದ್ದು ನಿಜಕ್ಕೂ ಎಚ್ಚರಿಕೆ!

ಇನ್ನೊಂದು ಮಾತು. ಸೈಜಿನ ಪಕ್ಕ 83ವಿ ಅಂತ ಇರುತ್ತೆ. 83 ಅಂದರೆ ಒಂದು ಟೈರು ಹೊರುವ ಭಾರ 487 ಕೆಜಿ. ವಿ ಅಂದರೆ ಗಂಟೆಗೆ 240 ಕಿಮೀ ವೇಗಕ್ಕೆ ತಾಳುತ್ತೆ ಅಂತ. ಹೈಬ್ರಿಡ್ ಗಾಡಿ ಪೆಟ್ರೋಲ್ ಸಿಟಿಗಿಂತ ನೂರು ಕೆಜಿಗೂ ಜಾಸ್ತಿ ತೂಗುತ್ತೆ, ಬ್ಯಾಟರಿ ಹಿಂದೆ ಇದೆ. ಹಾಗಾಗಿ ಲೋಡ್ ಅಂಕಿ 83ಕ್ಕಿಂತ ಕಮ್ಮಿ ಇರುವ ಟೈರು ಎಷ್ಟೇ ಅಗ್ಗವಾದರೂ ಬೇಡ.

ಕ್ಯಾಂಪ್ ರೈಡರ್, ಬೆಳಗಾವಿ

ಮಾಸ್ತರ್, ನಿಮ್ಮ ಲೆಕ್ಕಕ್ಕೆ ನಮಸ್ಕಾರ. ಆದರೂ ಲುಕ್ ಲುಕ್ಕೇ ಬಿಡ್ರಿ.

ಚೋರ್ಲಾ ಮಳೆ, ಖಾನಾಪುರ

ಮೈಲೇಜ್ ಬಗ್ಗೆ ಒಂದು ಮಾತು. ಹೊಸ ಟೈರ್ ಹಾಕಿಸಿದ ಮೇಲೆ ಬಹಳ ಜನ "ಮೈಲೇಜ್ ಬಿದ್ದುಹೋಯ್ತು" ಅಂತಾರೆ. ಹೈಬ್ರಿಡ್ ಇಟ್ಟವರಂತೂ ಜಾಸ್ತಿ, ಯಾಕೆಂದರೆ ಅವರ ಕಣ್ಣು ಯಾವಾಗಲೂ ಆ ಪರದೆ ಮೇಲೇ. ಇದಕ್ಕೆ ಏನಾದರೂ ಕಾರಣ ಇದೆಯಾ ಅಥವಾ ಸುಮ್ನೆ ಅನಿಸಿಕೆಯಾ?

ಲೆಕ್ಕದ ಮಾಸ್ತರ್, ನವನಗರ, ಬಾಗಲಕೋಟೆ

ಎರಡೂ ಇದೆ. ಇದು ನನಗೆ ಇಷ್ಟದ ಲೆಕ್ಕ, ಸ್ವಲ್ಪ ಉದ್ದ ಆಗುತ್ತೆ.

ಹೊಸ ಟೈರಿನ ಟ್ರೆಡ್, ಅಂದರೆ ನೆಲಕ್ಕೆ ತಾಗುವ ರಬ್ಬರಿನಲ್ಲಿರುವ ಗೆರೆಗಳು, ಸುಮಾರು 8 ಮಿಮೀ ಆಳ ಅಂತ ಇಟ್ಟುಕೊಳ್ಳಿ. ಕಾನೂನು ಪ್ರಕಾರ ಕಾರಿಗೆ ಕನಿಷ್ಠ 1.6 ಮಿಮೀ ಟ್ರೆಡ್ ಬೇಕು. ಅಲ್ಲಿಗೆ ಬರುವಷ್ಟರಲ್ಲಿ ಸುತ್ತಲೂ 6.4 ಮಿಮೀ ಸವೆದಿರುತ್ತೆ. ಗಾಲಿಯ ಎತ್ತರ 610ರಿಂದ 597ಕ್ಕೆ ಇಳಿದಿರುತ್ತೆ. ಶೇಕಡಾ ಎರಡು ಚಿಕ್ಕದು.

ಚಿಕ್ಕ ಗಾಲಿ ಅದೇ ದೂರಕ್ಕೆ ಜಾಸ್ತಿ ಸುತ್ತು ಸುತ್ತುತ್ತೆ. ಮೀಟರ್ ಸುತ್ತನ್ನೇ ಎಣಿಸೋದು. ಹಾಗಾಗಿ ಸವೆದ ಟೈರಿನಲ್ಲಿ ಮೀಟರ್ ದೂರವನ್ನು ಜಾಸ್ತಿ ತೋರಿಸುತ್ತೆ, ಮೈಲೇಜೂ ಜಾಸ್ತಿ ಕಾಣುತ್ತೆ. ಹೊಸ ಟೈರ್ ಹಾಕಿದ ದಿನ ಪರದೆಯ ಮೇಲಿನ 24 ಅನ್ನೋದು 23.5 ಆಗುತ್ತೆ. ಪೆಟ್ರೋಲ್ ಅಷ್ಟೇ ಸುಟ್ಟಿದ್ದರೂ! ಅದರ ಮೇಲೆ 195/55 ಹಾಕಿಸಿದರೆ ಇನ್ನೂ ಶೇಕಡಾ 1.8 ಕಮ್ಮಿ ತೋರಿಸುತ್ತೆ.

ಉಳಿದದ್ದು ನಿಜವಾದ ಇಳಿಕೆ. ಹೊಸ ಟೈರಿನಲ್ಲಿ ರಬ್ಬರ್ ದಪ್ಪ. ಉರುಳುವಾಗ ಅದು ಬಾಗಿ ಬಿಡಿಸಿಕೊಳ್ಳುತ್ತಾ ಶಕ್ತಿ ತಿನ್ನುತ್ತೆ. ಸವೆದಷ್ಟೂ ಟೈರು ಹಗುರವಾಗಿ ಉರುಳುತ್ತೆ. ಅಂದರೆ ಮೈಲೇಜ್ ಅತಿ ಚೆನ್ನಾಗಿ ಕಾಣೋದು ಮಳೆಯಲ್ಲಿ ಹಿಡಿತ ಅತಿ ಕೆಟ್ಟದಾಗಿರುವ ದಿನ. ಇದನ್ನು ಮಾತ್ರ ನೆನಪಿಡಿ ತಂಗೀ.

ತಿಲಕವಾಡಿ ಚಾಲಕಿ, ಬೆಳಗಾವಿ

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ ಮಾಸ್ತರ್. ಸರಿ, 185/55 ಆರ್16 ಪಕ್ಕಾ. ಈಗ ಡಿಸ್ಕ್. ಒಬ್ಬರು "ಗ್ಯಾಸ್ ವೆಲ್ಡಿಂಗ್ ಮಾಡಿ, ಲೇಥಿಗೆ ಹಾಕಿ ಹೊಸದರ ಥರ ಮಾಡಿಕೊಡ್ತೀವಿ" ಅಂದಿದ್ದಾರೆ. ಬಾಗಿದ ಕಡೆ ಒಂದು ಸಣ್ಣ ಗೆರೆಯೂ ಕಾಣುತ್ತಿದೆ.

ಉದ್ಯಮಬಾಗ್ ಲೇಥ್, ಬೆಳಗಾವಿ

ಇದಕ್ಕೆ ಉತ್ತರ ಕೊಡೋದು ನನ್ನ ಹಕ್ಕು. ಎರಕ, ಮಷಿನಿಂಗ್ ನಮ್ಮ ಮನೆತನದ ಕೆಲಸ.

ಬಾಗಿದ್ದು ಬೇರೆ, ಸೀಳಿದ್ದು ಬೇರೆ. ಒಳ ಅಂಚು ಸ್ವಲ್ಪ ಬಾಗಿದ್ದರೆ ನಿಧಾನಕ್ಕೆ ಹೈಡ್ರಾಲಿಕ್ ಪ್ರೆಸ್‌ನಲ್ಲಿ ನೆಟ್ಟಗೆ ಮಾಡಬಹುದು. ಆಮೇಲೆ ಟೈರ್ ಕೂರಿಸಿ, ಹವಾ ತುಂಬಿ, ಸೋಪಿನ ನೀರು ಹಾಕಿ ನೋಡಬೇಕು. ಬ್ಯಾಲೆನ್ಸಿಂಗ್ ಮಷಿನ್ ಮೇಲೆ ತಿರುಗಿಸಿ ಓಲಾಟ ನೋಡಬೇಕು.

ಗೆರೆ ಬಿದ್ದಿದ್ದರೆ ಆ ಡಿಸ್ಕ್ ಮುಗಿಯಿತು. ಕಾರಿನ ಅಲಾಯ್ ಡಿಸ್ಕ್ ಅಲ್ಯೂಮಿನಿಯಂ, ಸಿಲಿಕಾನ್, ಸ್ವಲ್ಪ ಮೆಗ್ನೀಸಿಯಂ ಸೇರಿಸಿ ಎರಕ ಹೊಯ್ದದ್ದು. ಎರಕ ಆದ ಮೇಲೆ ಕಾಯಿಸಿ, ನೀರಿನಲ್ಲಿ ಅದ್ದಿ, ಮತ್ತೆ ಕಮ್ಮಿ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಬಲ ಕೊಟ್ಟಿರುತ್ತಾರೆ. ಟಿ6 ಅನ್ನೋದು ಇದಕ್ಕೇ. ವೆಲ್ಡಿಂಗ್ ಬಿಸಿ ತಗುಲಿದ ಕಡೆ ಆ ಬಲ ಹೋಗುತ್ತೆ. ಮೇಲೆ ಲೇಥ್ ಓಡಿಸಿ ಪೇಂಟ್ ಹೊಡೆದರೆ ಕಣ್ಣಿಗೆ ಚಂದ ಕಾಣುತ್ತೆ. ಘಾಟಿನಲ್ಲಿ ಬ್ರೇಕ್ ಹಾಕುತ್ತಾ ಇಳಿಯುವಾಗ ಪಕ್ಕದಲ್ಲೇ ಮತ್ತೆ ಸೀಳುತ್ತೆ. ನಾನಂತೂ ದುಡ್ಡು ಕೊಟ್ಟರೂ ಆ ಕೆಲಸ ಮಾಡಲ್ಲ, ವಾಪಸ್ ಕಳಿಸ್ತೀನಿ.

ಒಂದೇ ಡಿಸ್ಕ್ ತಗೊಳ್ಳಿ, ಕಂಪನಿಯದೇ. ಪಿಸಿಡಿ (ನಟ್ ತೂತುಗಳ ಸಂಖ್ಯೆ, ಅವು ಇರುವ ವೃತ್ತದ ಅಡ್ಡಳತೆ) 4x100, ನಡುವಿನ ತೂತು 56.1 ಮಿಮೀ. ಹೊರಗಿನ ಡಿಸ್ಕ್‌ಗಳ ನಡುತೂತು ಹಲವು ಗಾಡಿಗೆ ಹೊಂದಲಿ ಅಂತ ದೊಡ್ಡದಿರುತ್ತೆ, 73.1 ಸಾಮಾನ್ಯ. ಆ ಸಂದು ತುಂಬುವ ಬಳೆ, ಹಬ್ ರಿಂಗ್, ಹಾಕದಿದ್ದರೆ ನಡು ಸರಿಯಾಗಿ ಕೂರಲ್ಲ, ಎಂಬತ್ತು ದಾಟಿದರೆ ಸ್ಟೇರಿಂಗ್ ನಡುಗುತ್ತೆ.

ಮುಖ್ಯವಾದದ್ದು ನಟ್. ಹೋಂಡಾ ಕಂಪನಿ ಡಿಸ್ಕ್‌ಗೆ ನಟ್ಟಿನ ಕೂರುವ ಮುಖ ಗೋಲಿಯಂತೆ ಉರುಟು. ಹೊರಗಿನ ಬಹುತೇಕ ಡಿಸ್ಕ್‌ಗೆ ಶಂಕುವಿನಂತೆ ಚೂಪು. ನಟ್ಟಿನ ದಾರ (ಥ್ರೆಡ್) ಎರಡರಲ್ಲೂ ಒಂದೇ, 12x1.5. ಹಾಗಾಗಿ ತಿರುಗಿಸಿದರೆ ಸಲೀಸಾಗಿ ಹೋಗುತ್ತೆ, ಬಿಗಿಯೂ ಆಯ್ತು ಅನಿಸುತ್ತೆ. ಆದರೆ ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗಿರುತ್ತೆ. ಓಡಿದಂತೆ ಸಡಿಲ ಆಗುತ್ತೆ. ಕಬ್ಬಿಣದ ಡಿಸ್ಕ್ ಸ್ಟೆಪ್ನಿ ಇಡುವವರು ಇದನ್ನು ತಪ್ಪದೆ ನೋಡಿ. ಹೋಂಡಾದ್ದೇ ಕಬ್ಬಿಣದ ಡಿಸ್ಕ್ ಆದರೆ ಅದೇ ನಟ್ ನಡೆಯುತ್ತೆ.

ಗುಮ್ಮಟದೂರು, ವಿಜಯಪುರ

ಈ ನಟ್ ವಿಷಯ ಹತ್ತು ಅಂಗಡಿಯಲ್ಲಿ ಒಂಬತ್ತು ಕಡೆ ಹೇಳೋದೇ ಇಲ್ಲ.

ಇಳಕಲ್ ಸೀರೆ, ಇಳಕಲ್

ಯಾವ ಕಂಪನಿ ಟೈರ್ ಅಂತ ಇನ್ನೂ ಯಾರೂ ಹೇಳಿಲ್ಲ. ನಮ್ಮ ಕಡೆ ಗ್ರಾನೈಟ್ ಕಲ್ಲಿನ ಚೂರು ರಸ್ತೆ ಮೇಲೇ ಬಿದ್ದಿರುತ್ತೆ. ಮೆತ್ತನೆ ಸೈಡ್‌ವಾಲ್ ಇರೋ ಟೈರು ನಮಗೆ ಬಾಳಲ್ಲ. ಆದರೆ ನಿಮ್ಮದು ಘಾಟಿನ ಮಳೆ ಅಲ್ವಾ ಅಕ್ಕಾ, ಬೇರೆ ಲೆಕ್ಕ ಇರಬೇಕು.

ಚೋರ್ಲಾ ಮಳೆ, ಖಾನಾಪುರ

ಹೌದು, ಬೇರೆ ಲೆಕ್ಕ. ವಿಜಯಪುರ ರಸ್ತೆಯಲ್ಲಿ ಯಾವ ಒಳ್ಳೆ ಟೈರ್ ಹಾಕಿದರೂ ನಡೆಯುತ್ತೆ, ಹವಾ ಸರಿ ಇರಬೇಕು ಅಷ್ಟೆ. ಚೋರ್ಲಾದಲ್ಲಿ ಜುಲೈನಲ್ಲಿ ಹಾಗಲ್ಲ. ಮಂಜು, ಪಾಚಿ ಹಿಡಿದ ಅಂಚು, ತಿರುವಿನಲ್ಲಿ ಅಡ್ಡ ಹರಿಯುವ ನೀರು. ಆದ್ದರಿಂದ ಒದ್ದೆ ಹಿಡಿತ ನೋಡಿ ಆರಿಸಿ, ಮೈಲೇಜ್ ಆಮೇಲೆ. ಸಿಟಿ ಹೈಬ್ರಿಡ್ ಮೋಟರಿನ ಟಾರ್ಕ್, ಅಂದರೆ ತಿರುಗಿಸುವ ಬಲ, 253 ಎನ್‌ಎಂ (ನ್ಯೂಟನ್ ಮೀಟರ್). ಅದು ನಿಂತಲ್ಲಿಂದಲೇ ಪೂರ್ತಿ ಬರುತ್ತೆ, ಅದೂ ಮುಂದಿನ ಗಾಲಿಗೆ. ಒದ್ದೆ ಏರಿನಲ್ಲಿ ಸವೆದ ಟೈರು ಚಿರ್ ಅಂತ ಜಾರೋದು ಇದಕ್ಕೇ. ಮುಂದಿನವು ಬೇಗ ಸವೆದಿರೋದಕ್ಕೂ ಇದೊಂದು ಕಾರಣ.

ಮಿಶೆಲಿನ್ ಪ್ರೈಮಸಿ ಒದ್ದೆಯಲ್ಲಿ ಚೆನ್ನಾಗಿ ಹಿಡಿಯುತ್ತೆ, ಸದ್ದು ಕಮ್ಮಿ, ದರ ಜಾಸ್ತಿ. ಬ್ಯಾಟರಿಯಲ್ಲಿ ಓಡುವಾಗ ಎಂಜಿನ್ ಸದ್ದೇ ಇರಲ್ಲ, ಹಾಗಾಗಿ ಟೈರಿನ ಗುಂಯ್ ಸದ್ದು ಈ ಗಾಡಿಯಲ್ಲಿ ಎದ್ದು ಕೇಳುತ್ತೆ. ಯೊಕೊಹಾಮಾ ಬ್ಲೂಅರ್ತ್ ಸರಣಿ ಹಗುರವಾಗಿ ಉರುಳುತ್ತೆ, ಮೈಲೇಜ್ ನೋಡುವವರಿಗೆ ಸರಿ. ಅಪೊಲೊ ಅಲ್ನಾಕ್ 4ಜಿ ದುಡ್ಡಿಗೆ ತಕ್ಕ ಟೈರು, ಸೈಡ್‌ವಾಲೂ ಗಟ್ಟಿ. ನಿಮ್ಮ ಸೈಜ್ ಅಂಗಡಿಯಲ್ಲಿ ಇದೆಯಾ ಅಂತ ಮೊದಲು ಫೋನ್ ಮಾಡಿ ಕೇಳಿ, ಆಮೇಲೆ ಮನಸ್ಸು ಮಾಡಿ.

ಸೈಡಿನಲ್ಲಿರುವ ಡಾಟ್ ಸಂಖ್ಯೆಯ ಕೊನೆ ನಾಲ್ಕು ಅಂಕಿ ಓದಿ. 1825 ಅಂದರೆ 2025ರ 18ನೇ ವಾರ ತಯಾರಾದದ್ದು. ಐಎಸ್‌ಐ ಗುರುತೂ ಇರಬೇಕು. ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹಳೆ ದರಪಟ್ಟಿ ತೋರಿಸಿದರೆ ಒಪ್ಪಬೇಡಿ.

ತಿಲಕವಾಡಿ ಚಾಲಕಿ, ಬೆಳಗಾವಿ

ಎರಡೇ ಟೈರ್ ಹಾಕಿಸಿದರೆ ಹೊಸವು ಮುಂದೆ ತಾನೇ? ಎಳೆಯೋದು ಮುಂದಿನ ಗಾಲಿ ಅಲ್ವಾ.

ಚೋರ್ಲಾ ಮಳೆ, ಖಾನಾಪುರ

ಅಲ್ಲ, ಹೊಸವು ಹಿಂದೆ. ಮುಂದಿನದು ಜಾರಿದರೆ ಗಾಡಿ ನೇರ ಹೋಗುತ್ತೆ, ಕಾಲು ತೆಗೆದರೆ ಸಂಭಾಳಿಸಬಹುದು. ಹಿಂದಿನದು ಜಾರಿದರೆ ಬಾಲ ತಿರುಗುತ್ತೆ, ಘಾಟಿನ ತಿರುವಿನಲ್ಲಿ ಸಂಭಾಳಿಸುವಷ್ಟು ಜಾಗ ಸಿಗಲ್ಲ. ಆದರೆ ನಿಮ್ಮ ಹಿಂದಿನ ಟೈರಿನಲ್ಲೂ ಬಿರುಕಿದೆ. ನಾಲ್ಕನ್ನೂ ಬದಲಿಸಿ.

ಹವಾ ಕಾಕಾ, ಸಿಂದಗಿ

ಒಂದು ಮಾತು ಸೇರಿಸ್ತೀನಿ. ನಮ್ಮ ಕಡೆ ಬೇಸಿಗೆಯಲ್ಲಿ ಹವಾ ಎರಡು ಮೂರು ಪಾಯಿಂಟ್ ಕಮ್ಮಿ ಇಡಬೇಕು. ಬಿಸಿಲಿಗೆ ಉಬ್ಬಿ ಟೈರು ಒಡೆಯುತ್ತೆ. ಎಲ್ಲ ಡ್ರೈವರ್‌ಗಳೂ ಹೀಗೇ ಮಾಡೋದು.

ಲೆಕ್ಕದ ಮಾಸ್ತರ್, ನವನಗರ, ಬಾಗಲಕೋಟೆ

ಕಾಕಾ, ಬೇಜಾರಾಗಬೇಡಿ, ಇದು ಉಲ್ಟಾ. ಹವಾ ಕಮ್ಮಿ ಇದ್ದರೆ ಸೈಡ್‌ವಾಲ್ ಜಾಸ್ತಿ ಬಾಗುತ್ತೆ. ಬಾಗಿದಷ್ಟೂ ಒಳಗೆ ಬಿಸಿ ಹುಟ್ಟುತ್ತೆ. ಟೈರ್ ಒಡೆಯೋದು ಆ ಬಿಸಿಗೆ. ಓಡುವಾಗ ಹವಾ ನಾಲ್ಕೈದು ಪಾಯಿಂಟ್ ಏರೋದು ಸಹಜ, ಕಂಪನಿಯವರು ಅದನ್ನೂ ಲೆಕ್ಕಕ್ಕೆ ತಗೊಂಡೇ ಬಾಗಿಲ ಕಂಬದ ಸ್ಟಿಕರ್ ಮೇಲೆ ಅಂಕಿ ಬರೆದಿರುತ್ತಾರೆ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಅಷ್ಟು ತುಂಬಿಸಿ. ಬಿಸಿ ಟೈರಿನಿಂದ ಹವಾ ಬಿಡಬೇಡಿ.

ಹವಾ ಕಾಕಾ, ಸಿಂದಗಿ

ನೋಡೋಣ. ನೈಟ್ರೋಜನ್ ಹಾಕಿಸಿದರೆ?

ಲೆಕ್ಕದ ಮಾಸ್ತರ್, ನವನಗರ, ಬಾಗಲಕೋಟೆ

ಸುಮ್ನೆ ಹವಾದಲ್ಲೇ ಶೇಕಡಾ 78 ನೈಟ್ರೋಜನ್ ಇದೆ ಕಾಕಾ. ಪುಕ್ಕಟೆ ಸಿಕ್ಕರೆ ಹಾಕಿಸಿ.

ಗುಮ್ಮಟದೂರು, ವಿಜಯಪುರ

ಸ್ಟೆಪ್ನಿಗೆ ಬರ್ರಿ, ಅದನ್ನು ಮರೆತೇ ಬಿಟ್ಟಿರಿ. ಕಿಟ್ ಸಾಕು ಅನ್ನುವವರಿಗೆ ಕಾನೂನು ದಾರಿ ಕೊಟ್ಟಿದೆ. 2020ರ ಜುಲೈ ತಿದ್ದುಪಡಿ ಪ್ರಕಾರ ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ ಮತ್ತು ಹವಾ ಇಳಿದರೆ ಎಚ್ಚರಿಸುವ ವ್ಯವಸ್ಥೆ ಇದ್ದರೆ ಸ್ಟೆಪ್ನಿ ಕಡ್ಡಾಯ ಅಲ್ಲ. ಆದರೆ ಕಿಟ್‌ನ ದ್ರಾವಣ ಮುಚ್ಚೋದು ಸುಮಾರು 4 ಮಿಮೀ ತೂತು, ಅದೂ ಟ್ರೆಡ್‌ನಲ್ಲಿದ್ದರೆ ಮಾತ್ರ. ಕಾನೂನು ಬೇರೆ, ಅಥಣಿ ರಸ್ತೆ ಬೇರೆ.

ನನ್ನ ಸಲಹೆ: ಹಳೆ ಸಿಟಿಯ ಅಥವಾ ಅಮೇಜ್‌ನ 15 ಇಂಚಿನ ಕಬ್ಬಿಣದ ಡಿಸ್ಕ್, ಅದಕ್ಕೆ 175/65 ಆರ್15 ಟೈರು. ಮಾಸ್ತರ್, ಇದರ ಲೆಕ್ಕ ಸರಿ ಇದೆಯಾ?

ಲೆಕ್ಕದ ಮಾಸ್ತರ್, ನವನಗರ, ಬಾಗಲಕೋಟೆ

ಭೇಷ್! 608.5 ಮಿಮೀ. ನಿಮ್ಮ 610ಕ್ಕೆ ಒಂದೂವರೆ ಮಿಮೀ ಮಾತ್ರ ಕಮ್ಮಿ. ಲೋಡ್ ಅಂಕಿ 84, ಅಂದರೆ 500 ಕೆಜಿ. ಇದಕ್ಕಿಂತ ಒಳ್ಳೆ ಜೋಡಿ ಸಿಗಲ್ಲ.

ಉದ್ಯಮಬಾಗ್ ಲೇಥ್, ಬೆಳಗಾವಿ

ಒಂದು ಷರತ್ತು. ಕೊಳ್ಳುವ ಮುಂಚೆ ಆ ಡಿಸ್ಕ್ ಅನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಕೂರಿಸಿ, ಕೈಯಲ್ಲಿ ತಿರುಗಿಸಿ ನೋಡಿ. ಈ ಗಾಡಿಗೆ ಹಿಂದೆಯೂ ಡಿಸ್ಕ್ ಬ್ರೇಕ್ ಇದೆ. ಬ್ರೇಕ್ ಹಿಡಿಯುವ ಕ್ಯಾಲಿಪರ್‌ಗೆ ಎಲ್ಲೂ ತಾಗಬಾರದು. ಮುಂದಿನ ಗಾಲಿ ಪಂಕ್ಚರ್ ಆದರೂ ಸ್ಟೆಪ್ನಿಯನ್ನು ಹಿಂದೆ ಹಾಕಿ, ಹಿಂದಿನದನ್ನು ಮುಂದೆ ತನ್ನಿ. ಮುಂದಿನ ಜೋಡಿ ಒಂದೇ ಥರ ಇರಬೇಕು.

ಇಳಕಲ್ ಸೀರೆ, ಇಳಕಲ್

ಹೈಬ್ರಿಡ್ ಇರೋದರಿಂದ ಇದನ್ನೂ ಹೇಳಿಬಿಡ್ತೀನಿ. ಗಾಲಿ ಬಿಚ್ಚುವ ಮುಂಚೆ ಗಾಡಿ ಪೂರ್ತಿ ಆಫ್ ಆಗಿದೆಯಾ ನೋಡಿ. ಸದ್ದಿಲ್ಲ ಅಂದರೆ ಆಫ್ ಆಗಿದೆ ಅಂತ ಅಲ್ಲ. ರೆಡಿ ದೀಪ ಉರಿಯುತ್ತಿದ್ದರೆ ಎಂಜಿನ್ ತಾನಾಗೇ ಶುರು ಆಗಬಹುದು. ಕೀ ಬ್ಯಾಗಿನಲ್ಲಿಟ್ಟು ದೂರ ಇಡಿ. ಜ್ಯಾಕ್ ಗುರುತಿರುವ ಜಾಗಕ್ಕೇ ಕೊಡಿ. ಬ್ಯಾಟರಿ ಹಿಂದೆ, ಮೋಟರ್ ಮುಂದೆ, ನಡುವೆ ದೊಡ್ಡ ವೋಲ್ಟೇಜಿನ ತಂತಿ ಕೆಳಗಡೆಯಿಂದಲೇ ಹೋಗುತ್ತೆ. ಪಂಕ್ಚರ್ ಅಂಗಡಿಯ ಹುಡುಗರಿಗೆ ಇದನ್ನು ನೀವೇ ಹೇಳಬೇಕು.

ತಿಲಕವಾಡಿ ಚಾಲಕಿ, ಬೆಳಗಾವಿ

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ಪ್ರೈಮಸಿ ಆರ್ಡರ್ ಕೊಟ್ಟೆ, 185/55 ಆರ್16. ಕಂಪನಿ ಡಿಸ್ಕ್ ಒಂದು ಬುಕ್ ಮಾಡಿದೆ. ಸ್ಟೆಪ್ನಿಗೆ ಕಬ್ಬಿಣದ ಡಿಸ್ಕ್ ಹುಬ್ಬಳ್ಳಿಯಲ್ಲಿ ಸಿಕ್ಕಿದೆ, ಕೂರಿಸಿ ನೋಡಿದ ಮೇಲೇ ದುಡ್ಡು ಅಂತ ಮಾತಾಗಿದೆ. ಡಿಕ್ಕಿಯಲ್ಲಿ ಜಾಗ ಹೋಗುತ್ತೆ, ಹೋಗಲಿ. ಅಮ್ಮ ಕಳಿಸುವ ಜೋಳದ ಚೀಲ ಹಿಂದಿನ ಸೀಟಿನಲ್ಲಿ ಬರುತ್ತೆ.

ನಟ್ ಎಷ್ಟು ಬಿಗಿ ಮಾಡಿಸಬೇಕು? ಅಂಗಡಿಯಲ್ಲಿ ಏರ್ ಗನ್ ಹಿಡಿದು ಗರ್ ಅಂತ ಮಾಡಿಬಿಡ್ತಾರೆ. ರಸ್ತೆಯಲ್ಲಿ ನನ್ನ ಕೈಯಲ್ಲಿ ಬಿಚ್ಚೋಕಾಗಬೇಕಲ್ಲ.

ಉದ್ಯಮಬಾಗ್ ಲೇಥ್, ಬೆಳಗಾವಿ

108 ಎನ್‌ಎಂ. ಎಷ್ಟು ಬಿಗಿ ಅಂತ ಅಳೆದು ತೋರಿಸುವ ಟಾರ್ಕ್ ಪಾನಾ ಇರುವ ಅಂಗಡಿಗೇ ಹೋಗಿ. ಮೊದಲು ಕೈಯಲ್ಲಿ ತಿರುಗಿಸಿ, ಆಮೇಲೆ ಎದುರು ಬದುರು ನಟ್ ಬಿಗಿ ಮಾಡಲು ಹೇಳಿ. ದಾರಕ್ಕೆ ಗ್ರೀಸ್ ಹಚ್ಚಿಸಬೇಡಿ. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಚೆಕ್ ಮಾಡಿಸಿ. ಗೋವಾಕ್ಕೆ ಹೊರಡುವ ಮುಂಚೆ ಈ ಕಡೆ ಬಂದರೆ ನಾನೇ ನೋಡಿಕೊಡ್ತೀನಿ, ಟಾರ್ಕ್ ಪಾನಾ ನಮ್ಮಲ್ಲಿದೆ.